ಜೆಸಿಂತಾಳ ಫೋಲ್ಡರ್

ಅಣೆಕಟ್ಟೆಯಲ್ಲಿ ನೀರು ಏರುತ್ತಲೇ ಇತ್ತು. ಕೆಳಗಿನ ಊರುಗಳಿಂದ ಫೋನಿನ ಮೇಲೆ ಫೋನು. ಗೇಟು ಯಾವಾಗ ತೆರೆಯಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಂ ಕಂಟ್ರೋಲ್ ರೂಮಿನ ಎಲ್ಲ ಪರದೆಗಳಲ್ಲೂ ಓಡುತ್ತಿತ್ತು. ಸೋರ್ಸ್ ಕೋಡಿನಿಂದ ಅದನ್ನು ಸಿದ್ಧಪಡಿಸಿ ಸರ್ವರಿನಲ್ಲಿ ಕೂರಿಸಿದ್ದ ಜೆಸಿಂತಾಗೆ ಇಂದು ಕೆಲಸದ ಕೊನೆಯ ದಿನ.

"ಏನಮ್ಮ, ನಿನ್ನ ಹೆಸರಿನ ಫೋಲ್ಡರ್ ಇನ್ನೂ ಸರ್ವರಲ್ಲೇ ಇದೆಯಲ್ಲ," ಎಂದರು ಅಲ್ಲಿನ ಮೇಲಧಿಕಾರಿ ಸಾಹೇಬರು.

"ಸರ್, ಅದನ್ನ ಈಗ ಮುಟ್ಟೋದು ಬೇಡ."

"ಯಾಕೆ, ಏನು ಬಚ್ಚಿಟ್ಟಿದ್ದೀಯ?"

"ಒಂದು ನಿಮಿಷ ಕೇಳಿ ಸರ್..."

ಅವರು ಕೇಳಲಿಲ್ಲ. ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡು ಫೋಲ್ಡರನ್ನು ಅಳಿಸಿಯೇಬಿಟ್ಟರು.

ಒಂದರ ಹಿಂದೊಂದು ಪರದೆಗಳು ನಿಂತವು.

"ಪ್ರೋಗ್ರಾಮನ್ನ ಅದರೊಳಗೆ ಯಾಕಮ್ಮ ಇಟ್ಟಿದ್ದೆ?"

"ಸರ್ವರಿನ ಬೇರೆ ಜಾಗ ಮುಟ್ಟಬೇಡ, ನಿನ್ನ ಫೋಲ್ಡರಲ್ಲೇ ಹಾಕ್ಕೋ ಅಂತ ನೀವೇ ಅಂದಿದ್ರಲ್ಲ, ಸರ್."