ತಾತನ ಪಂಚೆ

ಹಿತ್ತಲಲ್ಲಿ ತಾತನ ಬಿಳಿ ಪಂಚೆ ಕಟ್ಟಿ, ಅದರ ಮುಂದೆ ದೀಪವಿಟ್ಟು ಇಂಚರ ಕಾಯುತ್ತಿದ್ದದ್ದು ಇದು ಆರನೆಯ ರಾತ್ರಿ. ಬಟ್ಟೆಯ ಮೇಲೆ ಬಂದು ಕೂರುವ ಪತಂಗಗಳ ಪಟ್ಟಿಯನ್ನು ಬೆಳಿಗ್ಗೆ ಕಾಲೇಜಿಗೆ ಕೊಡದಿದ್ದರೆ ಪ್ರಾಜೆಕ್ಟಿಗೆ ಸೊನ್ನೆ. ಆಚೆಯ ಬೀದಿದೀಪಕ್ಕೆ ಪತಂಗಗಳು ಮುತ್ತಿಕೊಂಡಿದ್ದವು. ಪಂಚೆಯತ್ತ ಒಂದೂ ಸುಳಿಯಲಿಲ್ಲ.

“ಹೀಗೆ ಮುಖ ಸಿಂಡರಿಸಿಕೊಂಡು ಕೂತ್ರೆ ಯಾವ ಹುಳ ಬರುತ್ತೆ ಕಣೇ?” ಎಂದಳು ಅಜ್ಜಿ.

“ನಿನ್ನ ಕಥೇಲಿ ದೀಪ ಕಂಡ್ರೆ ಸಾಕು, ಓಡೋಡಿ ಬರ್ತಿದ್ವು. ಬರೀ ಸುಳ್ಳು ಹೇಳಿ ಬೆಳೆಸಿದೀಯ ನನ್ನ!” ಇಂಚರ ಸಿಟ್ಟಿನಿಂದ ಪಂಚೆಯನ್ನು ಜಗ್ಗಿದಳು.

“ಮೆಲ್ಲಗೇ! ನಮ್ಮ ಮದುವೇದು ಅದು.” ಅಜ್ಜಿ ಪಂಚೆಯನ್ನು ಬಿಡಿಸಿಕೊಂಡು ಎದೆಗೊತ್ತಿಕೊಂಡಳು. “ಐವತ್ತು ವರ್ಷದಿಂದ ಒಂದು ಹುಳಾನೂ ಮುಟ್ಟಿಲ್ಲ. ಈಗಲೂ ದಿನಾ ಬೆಳಿಗ್ಗೆ ಮಡಚಿ, ಪದರಕ್ಕೊಂದು ನುಸಿಗುಳಿಗೆ ಹಾಕಿಡ್ತೀನಿ.”