ಸ್ವಲ್ಪ ನೋಡ್ಕೋ ಅಕ್ಕಾ

“ಅಕ್ಕಾ, ಸ್ವಲ್ಪ ಅಂಗಡಿ ನೋಡ್ಕೋ. ಹನ್ನೊಂದಕ್ಕೆ ಒಬ್ರು ಪ್ಯಾಂಟ್ ತಗೊಂಡು ಹೋಗೋಕೆ ಬರ್ತಾರೆ” ಎಂದು ಪಕ್ಕದಂಗಡಿಯ ದರ್ಜಿ ಬೀಗದ ಕೈ ತಂದು ಮೇಜಿನ ಮೇಲಿಟ್ಟಾಗ ಗುಂಡಿಯಕ್ಕ ಹೊರಡಲೆಂದೇ ತಲೆ ಬಾಚಿಕೊಳ್ಳುತ್ತಿದ್ದಳು. ಗುಂಡಿ, ದಾರ, ಲೇಸು, ಜಿಪ್ಪು ಮಾರುವ ಅಂಗಡಿ ಅವಳದು. ಅದಕ್ಕೇ ಬೀದಿಗೆಲ್ಲ ಅವಳು ಗುಂಡಿಯಕ್ಕ.

“ನಾನೂ ಹೊರಟಿದೀನಲ್ಲೋ! ಎಲ್ರೂ ಶಟರ್ ಎಳ್ಕೊಂಡು ಬನ್ನಿ ಅಂತ ಮೊಳೆಯಣ್ಣ ಅಷ್ಟು ಬಡ್ಕೊಂಡಿಲ್ವಾ?”

“ಅಯ್ಯೋ, ನಾವಿಷ್ಟು ಜನ ಹೋಗ್ತಿದೀವಲ್ಲಕ್ಕಾ. ನೀನೊಬ್ಳು ಬರ್ದಿದ್ರೆ ಆಕಾಶ ಕಳಚಿ ಬೀಳುತ್ತಾ?”

ಬೀದಿಯ ತುದಿಯ ಖಾಲಿ ಜಾಗದಲ್ಲಿ ದೊಡ್ಡ ಕಂಪನಿಯೊಂದರ ಭಾರೀ ಮಳಿಗೆ ಏಳಲಿತ್ತು. ಸೂಜಿಯಿಂದ ಸೋಫಾದವರೆಗೆ ಎಲ್ಲ ಒಂದೇ ಸೂರಿನಡಿ, ಎಲ್ಲವೂ ಅಗ್ಗ. ಅದು ಬೇಡವೆಂದು ಬೀದಿಯ ಹದಿನೈದು ಅಂಗಡಿಯವರೂ ತಕರಾರು ಅರ್ಜಿಗೆ ಸಹಿ ಹಾಕಿದ್ದರು. ಅಂದು ಹತ್ತೂವರೆಗೆ ನಗರಸಭೆಯಲ್ಲಿ ವಿಚಾರಣೆ. ಸಹಿ ಹಾಕಿದವರಲ್ಲಿ ಹತ್ತು ಜನರಾದರೂ ಖುದ್ದು ಎದುರಿಗಿರಬೇಕು, ಇಲ್ಲದಿದ್ದರೆ ಅರ್ಜಿ ವಜಾ. ಮೊಳೆ, ತಿರುಪು, ಚಿಲಕ ಮಾರುವ ಮೊಳೆಯಣ್ಣ ವಾರವಿಡೀ ಅಂಗಡಿ ಅಂಗಡಿಗೆ ಹೋಗಿ ಇದನ್ನೇ ಹೇಳಿದ್ದ.

ಆದರೆ ಆ ಬೀದಿಯಲ್ಲಿ ಹಾಡಹಗಲೇ ಶಟರ್ ಎಳೆದರೆ ಯಾರೋ ಸತ್ತರೆಂದೇ ಲೆಕ್ಕ. ಹೊರಗೆ ಹೋಗುವವರು ಪಕ್ಕದವರಿಗೆ ಬೀಗದ ಕೈ ಕೊಟ್ಟು ‘ಸ್ವಲ್ಪ ನೋಡ್ಕೋ’ ಅಂದರೆ ಮುಗಿಯಿತು. ಕೊಟ್ಟ ಬೀಗದ ಕೈಯನ್ನು ಬೇಡವೆಂದವರು ಆವರೆಗೆ ಒಬ್ಬರೂ ಇಲ್ಲ. ಗುಂಡಿಯಕ್ಕ ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇದೇ ದರ್ಜಿ ಅವಳ ಅಂಗಡಿಯನ್ನೂ ನಡೆಸಿದ್ದ. ಮಗುವಿನ ಫ್ರಾಕಿಗೆ ಕೋಟಿನ ಗುಂಡಿ ಮಾರಿ ಬೈಸಿಕೊಂಡಿದ್ದ, ಆ ಮಾತು ಬೇರೆ. ಅವಳ ಹೊಟ್ಟೆಪಾಡಿಗಿದ್ದದ್ದು ಅದೊಂದೇ ಅಂಗಡಿ, ಅಂದು ಅದನ್ನು ಉಳಿಸಿದವನು ಅವನು. ಅಂಥವನಿಗೆ ಆಗಲ್ಲ ಅನ್ನಲು ನಾಲಿಗೆ ಹೊರಳೀತೇ? “ಸರಿ, ಹೋಗು. ನನ್ನ ಹೆಸರೂ ಹೇಳಿಬಿಡು” ಎಂದಳು.

ಹನ್ನೊಂದು ಹೊಡೆಯಿತು. ಪ್ಯಾಂಟಿನವನ ಸುಳಿವೇ ಇಲ್ಲ. ಗುಂಡಿಯಕ್ಕ ಮೆಟ್ಟಿಲ ಮೇಲೆ ನಿಂತು ಬೀದಿ ನೋಡಿದಳು. ಎದುರಿಗೆ ಗಡಿಯಾರ ರಿಪೇರಿಯವನು ಚಪ್ಪಲಿ ಅಂಗಡಿಯ ಬಾಗಿಲಲ್ಲಿ ನಿಂತು ಆಕಳಿಸುತ್ತಿದ್ದ.

“ನೀನ್ಯಾಕೋ ಹೋಗ್ಲಿಲ್ಲ?”

“ಚಪ್ಪಲಿಯವನು ಕೀ ಕೊಟ್ಟು ಹೋದ್ನಲ್ಲ. ನೀನು?”

ಗುಂಡಿಯಕ್ಕ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಬೆರಳು ಮಡಿಸಿ ಎಣಿಸಿದಳು. ಏಳು ಜನ ಹೋಗಿದ್ದರು, ಏಳು ಜನ ಅವರ ಅಂಗಡಿ ಕಾಯುತ್ತಿದ್ದರು. ಶಟರ್ ಎಳೆದು ಹೋಗಿದ್ದವನು ಮೊಳೆಯಣ್ಣ ಒಬ್ಬನೇ. ಅವನೂ ಸೇರಿ ಎಂಟು!

“ಬಾರೋ, ನಾವಿಬ್ರು ಓಡಿದ್ರೆ ಹತ್ತಾಗುತ್ತೆ!”

“ಇವನ ಅಂಗಡಿ ಬಿಟ್ಟಾ? ನಂಬಿ ಕೊಟ್ಟು ಹೋಗಿದಾನಲ್ಲಕ್ಕಾ...”

ಅವಳು ಎರಡು ಮೆಟ್ಟಿಲು ಇಳಿದಳು. ಅಷ್ಟರಲ್ಲಿ ಆ ಹಾಳು ಪ್ಯಾಂಟಿನವನು ಬಂದುಬಿಟ್ಟರೆ? ದರ್ಜಿಗೆ ಏನೆಂದು ಮುಖ ತೋರಿಸಲಿ? ಇಳಿದ ಮೆಟ್ಟಿಲನ್ನು ಮತ್ತೆ ಹತ್ತಿ ನಿಂತಳು. ಆ ಎರಡು ಮೆಟ್ಟಿಲು ನೆನೆದು ಅವಳು ಆಮೇಲೆ ಅತ್ತದ್ದೆಷ್ಟೋ.

ಹನ್ನೆರಡಕ್ಕೆ ಹೋದವರೆಲ್ಲ ಬಂದರು. ಮೊಳೆಯಣ್ಣ ಬೈಯುತ್ತಾನೆಂದು ಗುಂಡಿಯಕ್ಕ ತಲೆ ತಗ್ಗಿಸಿದಳು. ಬೈದಿದ್ದರೇ ಚೆನ್ನಾಗಿತ್ತು.

“ಇನ್ನಿಬ್ರು ಸಾಕಿತ್ತು ಗುಂಡಿಯಕ್ಕಾ. ಸಾಹೇಬ್ರು ಪಾಪ, ಹನ್ನೊಂದೂವರೆವರೆಗೂ ಕಾದ್ರು. ಉಳಿದವರಿಗೆ ಆಸಕ್ತಿ ಇಲ್ಲ ಅಂತ ಬರ್ಕೊಂಡ್ರು.”

“ಆಸಕ್ತಿ ಇಲ್ವಾ? ಅಂಗಡಿ ನೋಡ್ಕೋತಾ ಇದೀವಿ ಅಂತ ನೀನು ಹೇಳ್ಬೇಕಿತ್ತು!”

“ಹೇಳ್ದೆ. ನಕ್ಕುಬಿಟ್ರು.”

“ಇನ್ನೊಂದು ಅರ್ಜಿ ಕೊಡೋಣ. ನಾಳೆನೇ ಎಲ್ರೂ ಶಟರ್ ಎಳೆಯೋಣ” ಎಂದ ದರ್ಜಿ.

“ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ” ಎಂದು ಮೊಳೆಯಣ್ಣ ತನ್ನ ಅಂಗಡಿ ತೆರೆಯಲು ಹೋದ. ದರ್ಜಿ ತನ್ನ ಬೀಗದ ಕೈ ತೆಗೆದುಕೊಳ್ಳುತ್ತ, “ಪ್ಯಾಂಟಿನವನು ಬಂದಿದ್ನಾ ಅಕ್ಕಾ?” ಎಂದು ಕೇಳಿದ.

“ಇಲ್ಲ ಕಣೋ.”

ಮಳಿಗೆ ಬಂತು. ಎರಡು ವರ್ಷದಲ್ಲಿ ಬೀದಿಯ ಅಂಗಡಿಗಳು ಒಂದರ ಹಿಂದೊಂದು ಮುಚ್ಚಿದವು. ಬಿಟ್ಟು ಹೋಗುವವರು ಅಭ್ಯಾಸಬಲದಿಂದ ಬೀಗದ ಕೈಯನ್ನು ಗುಂಡಿಯಕ್ಕನಿಗೇ ತಂದುಕೊಟ್ಟರು: “ಬೇರೆ ಬಾಡಿಗೆಯವರು ಬರೋವರೆಗೆ ಸ್ವಲ್ಪ ನೋಡ್ಕೋ ಅಕ್ಕಾ.” ಬಾಡಿಗೆಯವರು ಯಾರೂ ಬರಲಿಲ್ಲ. ದರ್ಜಿ ಹೋಗುವಾಗ ಆ ಪ್ಯಾಂಟನ್ನು ಗೂಟದಲ್ಲೇ ಬಿಟ್ಟು ಹೋದ. ಎಲ್ಲರಿಗಿಂತ ಕೊನೆಗೆ ಮೊಳೆಯಣ್ಣನೂ ತಂದುಕೊಟ್ಟ.

ಆಮೇಲೆ ಒಂದು ಮಧ್ಯಾಹ್ನ ಗುಂಡಿಯಕ್ಕ ತನ್ನ ಶಟರನ್ನೂ ಎಳೆದಳು. ಸೊಂಟದಲ್ಲಿ ಹದಿನಾಲ್ಕು ಬೀಗದ ಕೈಗಳ ಗೊಂಚಲು. ಹದಿನೈದನೆಯದು, ತನ್ನದು, ಕೈಯಲ್ಲಿತ್ತು. ಅದನ್ನು ಹಿಡಿದುಕೊಂಡೇ ಎಂದಿನಂತೆ ಪಕ್ಕದಂಗಡಿಯವರೆಗೆ ನಡೆದಳು. “ಸ್ವಲ್ಪ ನೋಡ್ಕೊಳ್ಳೋ” ಎಂದು ಮುಂದೆ ಚಾಚಿದ ಅವಳ ಕೈ ದರ್ಜಿಯ ಮುಚ್ಚಿದ ಶಟರಿಗೆ ತಾಗಿತು.