ಘಾಟಿ ತಿರುವಿನಲ್ಲೊಂದು ಟ್ರೇಲರ್

“ಇದೇ ಇರಲಿ,” ಎಂದಳು ಸುಮತಿ, ಸಾಲಿನ ಕೊನೆಗೆ ನಿಂತಿದ್ದ ಎಲ್ಲಕ್ಕಿಂತ ಚಿಕ್ಕ ಟ್ರೇಲರಿನ ಬೆನ್ನು ತಟ್ಟುತ್ತ.

ವಿಠಲನ ಮುಖ ಇಳಿದುಹೋಯಿತು. ಅವನ ಕಣ್ಣು ಅಂಗಡಿಯ ಅಂಗಳದ ನಡುವೆ ಥಳಥಳಿಸುತ್ತಿದ್ದ ದೊಡ್ಡದರ ಮೇಲಿತ್ತು. ಎರಡು ಮಲಗುವ ಕೋಣೆ, ಅಡುಗೆಕಟ್ಟೆ, ಹೊರಗೆ ಬಿಚ್ಚಿಕೊಳ್ಳುವ ನೆರಳಿನ ಬಟ್ಟೆ. ಕೊರೊನಾ ತಗ್ಗಿ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬಹುದು ಎಂದು ಮಲೇಷ್ಯಾ ಸರ್ಕಾರ ಹೇಳಿದ ದಿನದಿಂದ ಅವನು ಕ್ಯಾಮೆರಾನ್ ಹೈಲ್ಯಾಂಡ್ಸ್ ಗಿರಿಧಾಮದ ಚಳಿಯ ಕನಸು ಕಾಣುತ್ತಿದ್ದ. ಹೋಟೆಲಿನ ಸಹವಾಸ ಬೇಡ, ಮನೆಯನ್ನೇ ಕಾರಿಗೆ ಕಟ್ಟಿಕೊಂಡು ಹೋಗೋಣ ಎಂದವನೂ ಅವನೇ.

“ಇದರಲ್ಲಿ ಕಾಲು ಚಾಚ್ಲಿಕ್ಕೂ ಜಾಗ ಇಲ್ವಲ್ಲ ಮಾರಾಯ್ತಿ. ಅದನ್ನು ನೋಡು, ಮಯೂರಿಗೆ ಬೇರೆ ರೂಮೇ ಉಂಟು.”

“ಅದನ್ನು ನಮ್ಮ ಕಾರು ಘಾಟಿ ಹತ್ತಿಸ್ತದಾ? ಅಂಗಡಿಯವರು ಹೇಳಿದ್ದು ಖಾಲಿ ಇರುವಾಗಿನ ತೂಕ. ನೀರು, ಗ್ಯಾಸು, ಹಾಸಿಗೆ, ಪಾತ್ರೆ ಎಲ್ಲ ತುಂಬಿದ ಮೇಲೆ? ಇದು ಹಗುರ. ಗೋಡೆ ದಪ್ಪ, ಕಿಟಕಿಗೆ ಎರಡು ಪದರ ಗಾಜು. ಚಿಕ್ಕದಾದ್ರೆ ಬೇಗ ಬೆಚ್ಚಗಾಗ್ತದೆ.” ಸುಮತಿ ದನಿ ತಗ್ಗಿಸಿದಳು. “ಮತ್ತೆ, ನನಗೆ ಬೇರೆ ಬೇರೆ ರೂಮು ಬೇಡ ಮಾರಾಯ್ರೆ. ಸಾಕಾಗಿದೆ.”

ವಿಠಲ ದೊಡ್ಡದರಿಂದ ಕಣ್ಣು ಕಿತ್ತ. ಅವಳು ಆಸ್ಪತ್ರೆಯ ಐಸಿಯುನಲ್ಲಿ ಡಾಕ್ಟರು. ಮನೆಯವರಿಗೆ ಸೋಂಕು ತಗಲದಿರಲೆಂದು ಸುಬಾಂಗ್ ಜಯಾದ ಮನೆಯ ಹಿಂದಿನ ಕೋಣೆಯಲ್ಲಿ ಅವಳು ಒಬ್ಬಳೇ ಮಲಗಿದ್ದ ತಿಂಗಳುಗಳು ಅವನಿಗೆ ನೆನಪಿದ್ದವು. ಊಟದ ತಟ್ಟೆಯನ್ನು ಹೊಸ್ತಿಲ ಹತ್ತಿರ ಇಟ್ಟು ದೂರ ಸರಿಯುತ್ತಿದ್ದವನು ಅವನು. ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಶಾಲೆಯ ಸುದ್ದಿಯನ್ನೆಲ್ಲ ಒಳಗಿನ ಅಮ್ಮನಿಗೆ ಕೂಗಿ ಹೇಳುತ್ತಿದ್ದವಳು ಮಗಳು ಮಯೂರಿ. ಚಿಕ್ಕ ಟ್ರೇಲರೇ ಮನೆಗೆ ಬಂತು.

ಅದನ್ನು ಎಳೆಯುವುದು ಕಲಿಯಲು ಭಾನುವಾರಗಳಂದು ಪುತ್ರಜಯಾದ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋದರು. ವಿಠಲ ಒಂದೆರಡು ಸುತ್ತು ಹೊಡೆದು, “ಇದರಲ್ಲೆಂತ ಕಲಿಯುವುದುಂಟು!” ಎಂದು ಮರದ ನೆರಳಿಗೆ ಹೋಗಿ ಕೂತ. ಸುಮತಿ ಮಾತ್ರ ಬಿಸಿಲು ಇಳಿಯುವವರೆಗೂ ಹಿಂದಕ್ಕೆ, ಮತ್ತೆ ಹಿಂದಕ್ಕೆ, ಟ್ರೇಲರನ್ನು ಕಾರಿನಿಂದ ತಳ್ಳುತ್ತಲೇ ಇದ್ದಳು.

ಡಿಸೆಂಬರಿನಲ್ಲಿ ಹೊರಟರು. ತಾಪಾ ಊರಿನಿಂದ ಮೇಲಕ್ಕೆ ಹತ್ತುವ ಹಳೆಯ ರಸ್ತೆ. ಸ್ಟೀರಿಂಗ್ ವಿಠಲನ ಕೈಯಲ್ಲಿತ್ತು. ಮಂಜು ಶುರುವಾಗುವ ಹೊತ್ತಿಗೆ ಒಂದು ತಿರುವು ದಾಟಿದರೆ, ಮುಂದೆ ಗುಡ್ಡ ಜಾರಿ ಅರ್ಧ ರಸ್ತೆ ಮಣ್ಣಿನಡಿ ಹೋಗಿತ್ತು. ಉಳಿದ ಅರ್ಧದಲ್ಲಿ ಎಲೆಕೋಸು ತುಂಬಿದ ಲಾರಿಯೊಂದು ಎದುರಿಗೇ ಇಳಿದು ಬಂದು ನಿಂತಿತು. ಅದರ ಬೆನ್ನಿಗೆ ಕಾರುಗಳ ಸಾಲು. ಲಾರಿ ಹಿಂದೆ ಹೋಗುವ ಹಾಗಿರಲಿಲ್ಲ. ಇವರ ಹಿಂದೆ ಯಾರೂ ಇರಲಿಲ್ಲ, ಆಗ ದಾಟಿದ ತಿರುವಿನಾಚೆ ರಸ್ತೆ ಅಗಲವಾಗಿತ್ತು. ಅಲ್ಲಿಯವರೆಗೆ ಇವರೇ ಹಿಮ್ಮೆಟ್ಟಬೇಕು.

ವಿಠಲ ರಿವರ್ಸ್ ಗೇರಿಗೆ ಹಾಕಿದ. ಅವನು ಎಡಕ್ಕೆ ಹೋಗಲಿ ಎಂದು ತಿರುಗಿಸಿದರೆ ಟ್ರೇಲರು ಬಲಕ್ಕೆ ಸೊಟ್ಟಗಾಯಿತು. ಸರಿಪಡಿಸಲು ಹೋದಷ್ಟೂ ಮಡಚಿಕೊಂಡು ಕಣಿವೆಯ ಅಂಚಿಗೆ ವಾಲಿತು.

“ಅಪ್ಪಾ, ಸ್ಟಾಪ್! ಪ್ಲೀಸ್ ಸ್ಟಾಪ್!” ಹಿಂದಿನ ಸೀಟಿನಿಂದ ಮಯೂರಿ ಕಿರುಚಿದಳು.

ವಿಠಲ ಬ್ರೇಕು ಒತ್ತಿ ಹಿಡಿದ. ಲಾರಿಯ ಹಿಂದಿನಿಂದ ಹಾರ್ನುಗಳು ಶುರುವಾದವು.

“ಹ್ಯಾಂಡ್‌ಬ್ರೇಕ್ ಹಾಕಿ ಇಳೀರಿ,” ಎಂದಳು ಸುಮತಿ. ಮಯೂರಿಯನ್ನೂ ಇಳಿಸಿ ಗುಡ್ಡದ ಬದಿಗೆ ನಿಲ್ಲಿಸಿದಳು. ಐಸಿಯುನಲ್ಲಿ ಅವಳ ದನಿ ಹೀಗೇ ಇರುತ್ತದೇನೋ, ಮೆಲ್ಲಗೆ, ಎದುರು ಮಾತಿಗೆ ಜಾಗವಿಲ್ಲದಂತೆ. “ನೀವು ಕೈ ಬೀಸಿ ಬೊಬ್ಬೆ ಹೊಡೀಬೇಡಿ. ತಿರುವಿನಲ್ಲಿ ನನ್ನ ಕನ್ನಡಿಗೆ ಕಾಣುವ ಹಾಗೆ ನಿಂತ್ಕೊಳ್ಳಿ, ಅಷ್ಟು ಸಾಕು.”

ಅವನು ಓಡಿ ಹೋಗಿ ನಿಂತ. ಸುಮತಿ ಅವನ ಸೀಟಿಗೆ ಸರಿದು, ಮೊದಲು ಒಂದಷ್ಟು ಮುಂದಕ್ಕೆ ಹೋಗಿ ಟ್ರೇಲರನ್ನು ನೇರ ಮಾಡಿಕೊಂಡಳು. ಆಮೇಲೆ ಸ್ಟೀರಿಂಗಿನ ಕೆಳತುದಿ ಹಿಡಿದು, ಮಗುವಿನ ತೊಟ್ಟಿಲು ತೂಗುವಷ್ಟೇ ಆಚೀಚೆ ಆಡಿಸುತ್ತ ಹಿಂದಕ್ಕೆ ಬಿಟ್ಟಳು. ಚಕ್ರ ಅಂಚಿನ ಹುಲ್ಲನ್ನು ಸವರಿದಾಗ ವಿಠಲ ಮೇಲೆದ್ದ ಕೈಯನ್ನು ಜೇಬಿಗೆ ತುರುಕಿಕೊಂಡ. ಅವಳು ನಿಂತಳು, ತುಸು ಮುಂದೆ ಹೋದಳು, ಮತ್ತೆ ಹಿಂದೆ ಬಂದಳು. ಟ್ರೇಲರು ತಿರುವಿಗೆ ಮೈಬಾಗಿಸಿ, ಅವನ ಎದುರಿನಿಂದಲೇ ಸರಿದು, ಅಗಲದ ಜಾಗಕ್ಕೆ ಹೋಗಿ ತಣ್ಣಗೆ ನಿಂತಿತು.

“ಅಮ್ಮಾ, ಯೂ ಡಿಡ್ ಇಟ್ ಲಾ!” ಮಯೂರಿ ಕುಣಿದಾಡುತ್ತ ಕಾರಿನತ್ತ ಓಡಿದಳು.

ಲಾರಿ ನಿಧಾನವಾಗಿ ಇಳಿದು ಬಂದು ವಿಠಲನ ಪಕ್ಕ ನಿಂತಿತು. ಚಾಲಕ ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಅಷ್ಟು ಚೆಂದ ಓಡಿಸಿದ್ದು ಯಾರು ಎಂದು ತಮಿಳಿನಲ್ಲಿ ಕೇಳಿದ.

“ಎನ್ ಪೊಂಡಾಟ್ಟಿ,” ಎಂದ ವಿಠಲ.

ಲಾರಿಯ ಹಿಂದಿನ ಕಾರಿನಲ್ಲಿ ಮಲಯ್ ಅಜ್ಜನೊಬ್ಬ ಹೆಬ್ಬೆರಳು ಎತ್ತಿ ತೋರಿಸಿದ. “ಇಸ್ತೇರಿ ಸಾಯ,” ವಿಠಲ ಅವನ ಭಾಷೆಯಲ್ಲೂ ಹೆಂಡತಿ ಎಂದು ಹೇಳಿದ. ಅದರ ಹಿಂದಿನ ಚೀನೀ ದಂಪತಿಗಳಿಗೆ ಇಂಗ್ಲಿಷಿನಲ್ಲಿ, “ಮೈ ವೈಫ್.”

ನಾಲ್ಕನೆಯ ಕಾರಿನವನು ಕಿಟಕಿಯನ್ನೂ ಇಳಿಸಿರಲಿಲ್ಲ, ಏನನ್ನೂ ಕೇಳಿರಲಿಲ್ಲ. ಮಂಜಿನಲ್ಲಿ ನಡುಗುತ್ತ ನಿಂತಿದ್ದ ವಿಠಲ ಅವನ ಗಾಜಿಗೆ ಬಾಗಿ, ಕನ್ನಡದಲ್ಲೇ ಹೇಳಿದ: “ನನ್ನ ಹೆಂಡತಿ ಮಾರಾಯ್ರೆ.”